ಸುತಿಕ್ನೊ ಅಂಗಡಿಯಲ್ಲಿ ತೆರೆದ ಸೇತುವೆ

ಜಾವಾ ದ್ವೀಪದ ಸೆಮರಾಂಗ್ ಪೇಟೆಯ ಕಂಪ್ಯೂಟರ್ ಮಳಿಗೆಗಳ ಎರಡನೇ ಮಹಡಿಯಲ್ಲಿ ಸುತಿಕ್ನೊ ಹನ್ನೊಂದು ವರ್ಷದಿಂದ ಲ್ಯಾಪ್‌ಟಾಪ್ ಮಾರುತ್ತಿದ್ದಾನೆ. ಅವನು ಕಂಡುಕೊಂಡ ಸತ್ಯ ಒಂದೇ: ಲ್ಯಾಪ್‌ಟಾಪನ್ನು ಬಳಸುವವರು ಆರಿಸುವುದಿಲ್ಲ. ಆರಿಸಲು ದೊಡ್ಡಪ್ಪಂದಿರಿದ್ದಾರೆ. ಎಂದೋ ಒಮ್ಮೆ ಕಚೇರಿಯ ಪ್ರಿಂಟರಿನಲ್ಲಿ ಸಿಕ್ಕಿಕೊಂಡ ಹಾಳೆಯನ್ನು ಎಳೆದು ತೆಗೆದವರು ಇಡೀ ಮನೆತನಕ್ಕೆ ಕಂಪ್ಯೂಟರ್ ಪಂಡಿತರು. ಅಂಥ ಹಿರಿಯರಿಗೆ ಜಾವಾದ ಮಕ್ಕಳು 'ಇಲ್ಲ' ಎನ್ನುವುದಿಲ್ಲ. 'ಹ್ಞೂಂ' ಎಂದು, ಮನೆಗೆ ಹೋಗಿ ಅಳುತ್ತಾರೆ.

ಅದಕ್ಕಾಗಿ ಸುತಿಕ್ನೊ ಒಂದು ಪದ್ಧತಿ ಮಾಡಿಕೊಂಡಿದ್ದ. ಎಂಜಿನಿಯರಿಂಗ್ ಮಕ್ಕಳು ತಮ್ಮ ಅತಿ ಭಾರದ ನಕ್ಷೆಯನ್ನು ಪೆನ್‌ಡ್ರೈವಿನಲ್ಲಿ ತರಬೇಕು. ಅಂಗಡಿಯಲ್ಲೇ ಅದು ತೆರೆದರೆ ಮಾತ್ರ ಮಾರಾಟ.

ಆ ಶನಿವಾರ ಲಾರಸ್ ಬಂದಳು. ಸಿವಿಲ್, ಮೂರನೇ ವರ್ಷ. ಅವಳ ಹಳೆಯ ಯಂತ್ರ ಸುಟ್ಟುಹೋಗಿತ್ತು. ಸೋಮವಾರ ಸೇತುವೆಯ ವಿನ್ಯಾಸ ಒಪ್ಪಿಸದಿದ್ದರೆ ಇಡೀ ಸೆಮಿಸ್ಟರ್ ಮತ್ತೆ ಓದಬೇಕು. ಜೊತೆಗೆ ಕೊಡಿಸುವ ದೊಡ್ಡಪ್ಪ ಹರ್ಜಿತೊ, ಇಸ್ತ್ರಿ ಮಾಡಿದ ಬಾಟಿಕ್ ಅಂಗಿಯ ನಿವೃತ್ತ ಗುಮಾಸ್ತರು. ಅವರು ಒಂದೊಂದೇ ಲ್ಯಾಪ್‌ಟಾಪನ್ನು ಎರಡು ಬೆರಳಲ್ಲಿ ಎತ್ತಿ ತೂಗಿದರು. ಮೀನಿನಂಗಡಿಯಲ್ಲೂ ಅವರು ಹೀಗೆಯೇ ಮಾಡುತ್ತಿದ್ದಿರಬೇಕು.

“ಇದು ನೋಡಮ್ಮಾ, ಗರಿ ಇದ್ದ ಹಾಗಿದೆ! ನಮ್ಮ ಸಾಹೇಬ್ರ ಹತ್ರ ಇಂಥದ್ದೇ ಇತ್ತು.”

“ಚೆನ್ನಾಗಿದೆ ದೊಡ್ಡಪ್ಪ,” ಎಂದಳು ಲಾರಸ್, ಪಕ್ಕದ ದಪ್ಪ ಕಪ್ಪು ಲ್ಯಾಪ್‌ಟಾಪನ್ನೇ ನೋಡುತ್ತ.

“ಅದ್ನ್ಯಾಕೆ ನೋಡ್ತೀಯ? ಅದು ಇಟ್ಟಿಗೆ!”

ಸಾಹೇಬರು ಆ ಗರಿಯಲ್ಲಿ ಪತ್ರ ಓದುತ್ತಿದ್ದರೇ ಹೊರತು ಸೇತುವೆ ಕಟ್ಟುತ್ತಿರಲಿಲ್ಲ ಎಂಬ ಮಾತು ಸುತಿಕ್ನೊನ ನಾಲಿಗೆಯ ತುದಿಗೆ ಬಂದು, ಹಿರಿಯರನ್ನು ಕಂಡು ಹಿಂದಕ್ಕೆ ಹೋಯಿತು.

“ಒಳ್ಳೇ ಆಯ್ಕೆ ಯಜಮಾನ್ರೇ. ನಿನ್ನ ಸೇತುವೆ ತೆಗಿಯಮ್ಮಾ, ದೊಡ್ಡಪ್ಪ ನೋಡ್ಲಿ.”

ಲಾರಸ್ ಆ ಗರಿಗೆ ಪೆನ್‌ಡ್ರೈವ್ ಚುಚ್ಚಿದಳು. ಒಂದು ಲೋಟ ಸಿಹಿ ಚಹಾ ಮುಗಿಯಿತು. ಪರದೆಯ ಮೇಲೆ ಒಂದು ಕಂಬ ಕಾಣಿಸಿತು.

“ಯೋಚನೆ ಮಾಡ್ತಿದೆ,” ಎಂದರು ಹರ್ಜಿತೊ.

“ಮಾಡ್ಲಿ ಬಿಡಿ. ದೊಡ್ಡವರ ಸಹವಾಸದಲ್ಲಿದ್ದ ಜಾತಿ ಅದು.”

ತಟ್ಟೆಯಲ್ಲಿದ್ದ ಕರಿದ ಸೋಯಾ ತೆಂಪೆಯೂ ಮುಗಿಯಿತು. ಎರಡನೇ ಕಂಬ ಬರುವ ಮೊದಲೇ ಪರದೆ ಕಪ್ಪಾಯಿತು. ಲಾರಸ್ ತಲೆ ತಗ್ಗಿಸಿದಳು. “ಪರವಾಗಿಲ್ಲ ದೊಡ್ಡಪ್ಪ, ಇದೇ ಸಾಕು,” ಎಂದು ಪೆನ್‌ಡ್ರೈವ್ ಹೊರಗೆಳೆದಳು.

ಹರ್ಜಿತೊ ಕಿಸೆಗೆ ಕೈಹಾಕುವುದರೊಳಗೆ ಸುತಿಕ್ನೊ ಕೈಕಟ್ಟಿ ನಿಂತ. “ಯಜಮಾನ್ರೇ, ನನಗೊಂದು ಅನುಮಾನ. ನೀವು ಕಚೇರಿ ಆಳಿದವರು. ಭಾರದ ಕಡತಗಳನ್ನ ಎಲ್ಲಿ ಇಡಿಸ್ತಿದ್ರಿ?”

“ಕಬ್ಬಿಣದ ಬೀರುವಲ್ಲಿ! ಮತ್ತೇನು, ಬಿದಿರು ಬುಟ್ಟೀಲಾ?”

ಹೇಳಿದ ಮಾತು ತಮ್ಮದೇ ಕಿವಿಗೆ ಬಿತ್ತು. ಹರ್ಜಿತೊ ಕೆಮ್ಮಿದರು. ಕೈ ತಾನಾಗಿ ಇಟ್ಟಿಗೆಯ ಕಡೆ ಹೊರಳಿತು.

“ನಾನು ಮೊದ್ಲಿಂದ ಇದನ್ನೇ ಹೇಳ್ತಿದ್ದೆ. ಇದರಲ್ಲಿ ತೆಗಿ ನೋಡೋಣ.”

“ಹೌದು, ಇದಕ್ಕೆ ಚಿತ್ರಕ್ಕಂತಲೇ ಬೇರೆ ಗ್ರಾಫಿಕ್ಸ್ ಕಾರ್ಡ್ ಇದೆ. ನೀವು ಗಮನಿಸಿಯೇ ಇರ್ತೀರಿ,” ಎಂದ ಸುತಿಕ್ನೊ.

ಫ್ಯಾನು ಹಿಟ್ಟಿನ ಗಿರಣಿಯಂತೆ ಮೊರೆಯಿತು. ಸೇತುವೆ ಹನ್ನೆರಡೂ ಕಂಬಗಳ ಮೇಲೆ ಎದ್ದು ನಿಂತು, ಲಾರಸಳ ಬೆರಳಿನ ಜೊತೆ ಗರಗರ ತಿರುಗಿತು.

“ನೀವು ಹೇಳಿದ್ದೇ ಸರಿ ದೊಡ್ಡಪ್ಪ,” ಎಂದಳು ಲಾರಸ್. ಆ ದಿನ ಅವಳು ಮನಸಾರೆ ಆಡಿದ ಮೊದಲ ಮಾತು ಅದು.

ಮುಂದಿನ ಶನಿವಾರ ಹರ್ಜಿತೊ ನೆರೆಮನೆಯ ಕುಟುಂಬವೊಂದನ್ನು ಕರೆತಂದರು. ಲಾರಸಳ ಸೇತುವೆ ಒಪ್ಪಿಗೆಯಾದ ಸುದ್ದಿ ಹೇಳಿ, ಸುತಿಕ್ನೊನ ಸ್ಟೂಲಿನ ಮೇಲೆ ತಾವೇ ಕುಳಿತರು.

“ಪೆನ್‌ಡ್ರೈವ್ ತಂದಿದ್ದೀರಾ? ತೂಕ ಗೀಕ ನೋಡೋದು ದಡ್ಡರ ಕೆಲಸ. ಈತನಿಗೂ ನಾನೇ ಹೇಳಿಕೊಟ್ಟಿದ್ದು.”

“ಹೌದು, ಅವರೇ ಹೇಳಿಕೊಟ್ಟಿದ್ದು,” ಎಂದು ಸುತಿಕ್ನೊ ಚಹಾ ತರಲು ಹೋದ.