ಮಂಡಿಯೂರಿ ಅಡುಗೆಮನೆ ನೋಡುವ ಅಕ್ಕ

ಬೆಳಗಿನ ಆರು ಗಂಟೆ. ಸುಟ್ಟಗಾಯದ ವಾರ್ಡಿನಲ್ಲಿ ಎರಡು ವರ್ಷದ ಪುಟ್ಟಿಯ ಪಾದಕ್ಕೆ ಅಂಟಿದ ಪಟ್ಟಿಯನ್ನು ಅಕ್ಕ ನೆನೆಸುತ್ತಿದ್ದಾರೆ. ಎಳೆಯುವುದಿಲ್ಲ, ತಾನಾಗಿ ಬಿಡುವವರೆಗೆ ಕಾಯುತ್ತಾರೆ. ಪುಟ್ಟಿ ಕಿರುಚುತ್ತಾಳೆ. "ಬೈಯಮ್ಮ, ಇನ್ನೂ ಜೋರಾಗಿ ಬೈ," ಎನ್ನುತ್ತಾರೆ ಅಕ್ಕ. "ಬೈಸ್ಕೊಂಡು ಬೈಸ್ಕೊಂಡು ನನ್ನ ಕಿವಿ ಗಟ್ಟಿಯಾಗಿದೆ."

ವೈದ್ಯರ ಹೆಸರು ಫಲಕದ ಮೇಲಿದೆ. ಇಪ್ಪತ್ತು ವರ್ಷದಿಂದ ಡ್ರೆಸ್ಸಿಂಗ್ ಮಾಡುವ ಈಕೆ ವಾರ್ಡಿಗೆಲ್ಲ ಬರೀ ಅಕ್ಕ. ದಿನಕ್ಕೆ ಹದಿನಾಲ್ಕು ಡ್ರೆಸ್ಸಿಂಗ್. ಅದರಲ್ಲಿ ಒಂಬತ್ತು, ಐದು ವರ್ಷದೊಳಗಿನ ಮಕ್ಕಳದು. "ಎಲ್ಲರೂ ಬೆಂಕಿ ಅಂದ್ಕೋತಾರೆ. ಬಿಸಿನೀರು, ಟೀ, ಹಾಲು, ಇವೇ ಜಾಸ್ತಿ."

ಡ್ಯೂಟಿ ಮುಗಿದ ಮೇಲಿನ ಕೆಲಸವನ್ನು ಅಕ್ಕನಿಗೆ ಯಾರೂ ವಹಿಸಿಲ್ಲ. ಇವರ ಬಗ್ಗೆ ಬರೆಯಲು ಬಂದ ನಾನೂ ಇವತ್ತು ಜೊತೆಗಿದ್ದೇನೆ. ಪುಟ್ಟಿಯ ಮನೆಗೆ ಹೋದವರೇ ಮಂಡಿಯೂರಿ ಅಂಬೆಗಾಲಿಡುತ್ತಾರೆ. ಮಗುವಿನ ಎತ್ತರದಿಂದ ಕೈಗೆಟುಕಿದ್ದನ್ನೆಲ್ಲ ಎಳೆದು ನೋಡುತ್ತಾರೆ: ಕೆಟಲಿನ ವೈರು, ಮೇಜಿನ ಬಟ್ಟೆ, ಒಲೆಯಿಂದ ಹೊರಚಾಚಿದ ಬಾಣಲೆಯ ಹಿಡಿ. ಪುಟ್ಟಿಯ ಹತ್ತು ತಿಂಗಳ ತಮ್ಮ ಆಟಕ್ಕೆ ಜೊತೆ ಸಿಕ್ಕಿತೆಂದು ಕೇಕೆ ಹಾಕುತ್ತ ಹಿಂದೆಯೇ ಬರುತ್ತಾನೆ.

ಗಾಯ ಹೇಗಾಯಿತೆಂದು ಮಾತ್ರ ತಾಯಿ ಬಾಯಿಬಿಡುತ್ತಿಲ್ಲ. ವಾರದಿಂದ ಒಂದೇ ಮಾತು, "ಏನೋ ಆಗಿಹೋಯ್ತು." ಅವಳ ಅತ್ತೆ ಬಾಗಿಲಲ್ಲೇ ನಿಂತಿದ್ದಾರೆ. ನಿಜ ತಿಳಿಯದಿದ್ದರೆ ಮುಂದಿನ ಸರದಿ ಈ ತಮ್ಮನದೇ ಎಂಬ ದಿಗಿಲು ಅಕ್ಕನಿಗೆ.

ಕೊನೆಗೆ ಅಕ್ಕ ನೆಲದ ಮೇಲೇ ಕೂತು ತಮ್ಮದೇ ಕಥೆ ತೆಗೆಯುತ್ತಾರೆ. "ನಾನು ಬಕೆಟ್‌ಗೆ ಮೊದಲು ಕುದಿಯೋ ನೀರು ಸುರಿದು ತಣ್ಣೀರು ತರೋಕೆ ಹೋದೆ. ಅಷ್ಟರಲ್ಲಿ ನನ್ನ ಮಗ ಕೈ ಹಾಕಿದ. ಮೇಲೆ ಟೂತ್‌ಪೇಸ್ಟ್ ಬೇರೆ ಮೆತ್ತಿದೆ. ಆಸ್ಪತ್ರೇಲಿ ಸುಳ್ಳು ಹೇಳಿದೆ."

ತಾಯಿ ಅಳತೊಡಗುತ್ತಾಳೆ. "ನಾನೂ ಹಾಗೇ ಮಾಡಿದ್ದು ಅಕ್ಕ. ಪುಟ್ಟಿ ಬಕೆಟ್‌ಗೆ ಕಾಲಿಟ್ಳು. ಪೇಸ್ಟೂ ಹಚ್ಚಿದೆ."

"ಪೇಸ್ಟ್ ಹಚ್ಚು ಅಂದೋಳು ನಾನೇ," ಬಾಗಿಲಿನಿಂದ ಅತ್ತೆಯ ದನಿ ಬರುತ್ತದೆ.

ನನ್ನ ಮನೆಯಲ್ಲೂ ಬಕೆಟ್ಟಿಗೆ ಬಿಸಿನೀರೇ ಮೊದಲು. ಟಿಪ್ಪಣಿ ಪುಸ್ತಕದಲ್ಲಿ ಅದನ್ನೂ ಬರೆದುಕೊಳ್ಳುತ್ತೇನೆ.

ಅಕ್ಕ ಯಾರನ್ನೂ ಬೈಯುವುದಿಲ್ಲ. ಬಕೆಟ್ ತರಿಸಿ, ಮೊದಲು ತಣ್ಣೀರು, ಆಮೇಲೆ ಬಿಸಿನೀರು, ಅತ್ತೆಯ ಕೈಯಲ್ಲೇ ಹಾಕಿಸುತ್ತಾರೆ. "ಬಕೆಟ್ ಬಿಟ್ಟು ಎಲ್ಲಿಗೂ ಹೋಗಬಾರದು. ಸುಟ್ಟರೆ ಇಪ್ಪತ್ತು ನಿಮಿಷ ನಲ್ಲಿ ನೀರು ಬಿಡಿ, ಆಮೇಲೆ ನೇರ ಆಸ್ಪತ್ರೆ. ಪೇಸ್ಟು ಹಲ್ಲಿಗೆ."

ಇದು ಅಕ್ಕ ಹೊಕ್ಕ ಮುನ್ನೂರ ಹನ್ನೆರಡನೇ ಮನೆ. "ಹೋದ ಯಾವ ಮನೆಯಿಂದಲೂ ಎರಡನೇ ಮಗು ನನ್ನ ಟೇಬಲ್‌ಗೆ ಬಂದಿಲ್ಲ," ಎನ್ನುತ್ತ ಮಂಡಿ ಹಿಡಿದು ಏಳುತ್ತಾರೆ. ಸೆರಗು ಜಗ್ಗುತ್ತಿರುವ ತಮ್ಮನನ್ನು ಎತ್ತಿ ತಾಯಿಯ ಕೈಗೆ ಕೊಡುತ್ತಾರೆ.

"ಇವನ ಮುಖ ಇಲ್ಲೇ ನೋಡಿದ್ದಾಯ್ತಲ್ಲ. ವಾರ್ಡಲ್ಲಿ ನೋಡೋದು ಬೇಡ."