ಸುರಂಗದ ಬಾಯಲ್ಲಿ ನಿಂತವರು

ಎಂಬತ್ತರ ದಶಕದ ಆರಂಭ. ಮನಶ್ಶಾಸ್ತ್ರದಲ್ಲಿ ಸಂಶೋಧನೆ ಮಾಡುತ್ತಿದ್ದ ನಾನು ಪುತ್ತೂರಿನ ದರ್ಬೆಯಲ್ಲಿ ಒಂದು ಬಾಡಿಗೆ ಕೋಣೆಯಲ್ಲಿದ್ದೆ. ಸಾವಿನ ದವಡೆಯಿಂದ ಪಾರಾಗಿ ಬಂದವರ ಮನಸ್ಸು ಆಮೇಲೆ ಏನಾಗುತ್ತದೆ, ಅವರು ಮತ್ತೆ ಹೇಗೆ ಎದ್ದು ನಿಲ್ಲುತ್ತಾರೆ ಎಂಬುದು ನನ್ನ ವಿಷಯ. ಮಾನಸಿಕ ಆಘಾತ ಎಂದರೆ ಹಳ್ಳಿಗಳಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ. "ಹೆದರಿಕೆ ಹಿಡಿದದ್ದಾ?" ಎಂದು ಕೇಳುತ್ತಿದ್ದರು. ಹೌದು ಎನ್ನುತ್ತಿದ್ದೆ.

ಹಾಗೆ ವಿಚಾರಿಸುತ್ತಲೇ ಸುಳ್ಯದಿಂದಾಚೆ, ಕೇರಳದ ಗಡಿಗೆ ಹತ್ತಿರದ ಒಂದು ಗುಡ್ಡದ ಮನೆಗೆ ಹೋದೆ. ಆ ಕಡೆ ನೀರಿಗೆ ಸುರಂಗವೇ ಆಧಾರ. ಒಬ್ಬ ಮನುಷ್ಯ ಬಗ್ಗಿ ನಡೆಯುವಷ್ಟು ಅಗಲಕ್ಕೆ ಗುಡ್ಡವನ್ನು ಅಡ್ಡಕ್ಕೆ ಕೊರೆದರೆ ಒಳಗಿನ ಒರತೆ ತಾನಾಗಿ ಹೊರಗೆ ಹರಿಯುತ್ತದೆ. ಆ ಮನೆಯ ಯಜಮಾನರಿಗೆ ಕೊರೆಯುವುದೇ ಕಸುಬು. ಹಿಂದಿನ ವರ್ಷ ತಮ್ಮದೇ ಸುರಂಗದಲ್ಲಿ ಮಣ್ಣು ಕುಸಿದು, ಬೆಳಗ್ಗೆ ಒಳಗೆ ಸಿಕ್ಕಿಬಿದ್ದ ಅವರನ್ನು ಊರವರು ಹೊರತೆಗೆದದ್ದು ಸಂಜೆಗೆ.

"ನನಗೆ ಎಂತ ಆಗ್ಲಿಲ್ಲ ಟೀಚರೇ," ಎಂದರು ಅವರು. ಚೀಲ ಹಿಡಿದು ಬರುವ ಹೆಂಗಸರೆಲ್ಲ ಅಲ್ಲಿ ಟೀಚರುಗಳೇ. "ಗಾಳಿ ಉಂಟಾ ನೋಡಿದೆ. ಇತ್ತು. ಸುಮ್ಮನೆ ಕೂತೆ. ನೀವು ಇವಳನ್ನು ಕೇಳಿ."

ಅವರ ಹೆಂಡತಿ ಬಾಗಿಲ ದಾರಂದಕ್ಕೆ ಒರಗಿ ನಿಂತಿದ್ದರು. ಗಂಡ ಅಂಗಳಕ್ಕಿಳಿದರೂ ಇವರ ಕಣ್ಣು ಹಿಂದೆಯೇ ಹೋಗುತ್ತಿತ್ತು. ಹೊರಗೆ ತೆಂಗಿನ ಮಡಲು ಬಿದ್ದ ಸದ್ದಿಗೆ ಕೈಯಲ್ಲಿದ್ದ ಲೋಟ ಜಾರಿತು. ಮಣ್ಣು ಕುಸಿದ ದಿನದಿಂದ ಆಕೆ ಸುರಂಗದ ಹತ್ತಿರ ಸುಳಿದವರಲ್ಲ. ಕುಡಿಯುವ ನೀರನ್ನೂ ಕೆಳಗಿನ ಕೆರೆಯಿಂದ ಹೊತ್ತು ತರುತ್ತಿದ್ದರು. ಪುತ್ತೂರಿನ ಡಾಕ್ಟರೊಬ್ಬರು ನಿಶ್ಶಕ್ತಿ ಎಂದು ಟಾನಿಕ್ ಬರೆದುಕೊಟ್ಟಿದ್ದರು.

"ಇವರಿಗೆ ಒಳಗೆ ಕೂತು ಗೊತ್ತಿತ್ತು, ಜೀವ ಉಂಟು ಅಂತ," ಎಂದರು ಆಕೆ ಮೆಲ್ಲಗೆ. "ಹೊರಗೆ ನಿಂತ ನನಗೆ ಎಂತ ಗೊತ್ತಿತ್ತು?"

ನಾನು ಹುಡುಕಿ ಬಂದದ್ದು ಯಾರನ್ನು ಎಂಬುದು ಆಗ ಹೊಳೆಯಿತು. ಮತ್ತೆ ಮತ್ತೆ ಅವರಲ್ಲಿಗೇ ಹೋದೆ. ಅವರು ಅಕ್ಕಿ ಆರಿಸುತ್ತ ಹೇಳುತ್ತಿದ್ದರು, ನಾನು ಕೇಳುತ್ತಿದ್ದೆ.

ಮಳೆಗಾಲ ಮುಗಿದ ಮೇಲೆ ಒಂದು ಬೆಳಗ್ಗೆ ನಾನು ಹೋದಾಗ ಸುರಂಗದ ನೀರು ಕೆಂಪಾಗಿ ಬರುತ್ತಿತ್ತು. ಹೂಳು ತೆಗೆಯಲು ಯಜಮಾನರು ಮೇಣದಬತ್ತಿ, ಹಾರೆ ಹಿಡಿದು ಹೊರಟರು. "ಟೀಚರು ಇದ್ದಾರಲ್ಲ, ನೀನೂ ಬಾ ಮಾರಾಯ್ತಿ," ಎಂದರು. ಆಕೆ ಬಂದರು, ನನ್ನ ಮಣಿಕಟ್ಟನ್ನು ಬಿಗಿಯಾಗಿ ಹಿಡಿದುಕೊಂಡು.

ಬತ್ತಿಯ ಬೆಳಕು ಒಳಗೆ ಹೋಗುತ್ತ ಹೋಗುತ್ತ ಸಣ್ಣದಾಗಿ, ತಿರುವಿನಲ್ಲಿ ಮರೆಯಾಯಿತು. ಸ್ವಲ್ಪ ಹೊತ್ತಿಗೆ ಒಳಗೆಲ್ಲೋ ದೊಪ್ಪನೆ ಏನೋ ಬಿದ್ದ ಸದ್ದು. ನಮ್ಮ ಕಾಲ ಬಳಿ ಹರಿಯುತ್ತಿದ್ದ ನೀರು ತೆಳುವಾಯಿತು. ಆಮೇಲೆ ನಿಂತೇಹೋಯಿತು.

"ಅವತ್ತು ಹೀಗೇ ನಿಂತದ್ದು," ಎಂದರು ಆಕೆ.

ಕೂಗಿದೆವು. ಉತ್ತರವಿಲ್ಲ. ಓದಿದ್ದೆಲ್ಲ ನನ್ನ ತಲೆಯಿಂದ ಇಳಿದುಹೋಯಿತು. ಕೆಳಗೆ ಓಡಿ ಜನ ಕರೆಯಬೇಕೆಂದು ಗೊತ್ತು, ಕಾಲು ಏಳಲಿಲ್ಲ. ಆಕೆ ನನ್ನ ಕೈ ಬಿಟ್ಟರು. ಸೆರಗು ಸಿಕ್ಕಿಸಿ, ಎರಡೂ ಬದಿಯ ಗೋಡೆ ತಡವುತ್ತ ಒಳಗೆ ಹೋದರು. ಗಂಡನನ್ನು ಕರೆಯುವ ಅವರ ಸ್ವರ ದೂರವಾಗಿ, ಅದೂ ಕೇಳದಾಯಿತು. ಹೊರಗೆ ನಾನೊಬ್ಬಳೇ. ಆ ಕತ್ತಲಿಗೆ ಕಿವಿಗೊಟ್ಟು ನಿಂತೆ. ಅಂಥ ಹೆದರಿಕೆ ನನಗೆ ಹಿಂದೆಂದೂ ಆಗಿರಲಿಲ್ಲ.

ಒಮ್ಮೆಗೇ ಕೆಸರು ನೀರು ನುಗ್ಗಿ ಬಂದು ನನ್ನ ಪಾದ ತೋಯಿಸಿತು. ಅದರ ಹಿಂದೆ ಬೆಳಕು, ಬೆಳಕಿನ ಹಿಂದೆ ಇಬ್ಬರೂ.

"ಹೂಳು ತೆಗೀಲಿಕ್ಕೆ ಮಣ್ಣು ಹಾಕಿ ನೀರು ಕಟ್ಟಿದ್ದು. ಹಾರೆಯ ಸದ್ದಿಗೆ ನಿಮ್ಮ ಕೂಗು ಕೇಳ್ಲಿಲ್ಲ," ಎಂದರು ಯಜಮಾನರು. ಹೆಂಡತಿ ಕಲ್ಲಿನ ಮೇಲೆ ಕುಳಿತರು. ಹಿಡಿದ ಗಂಡನ ತೋಳನ್ನು ಬಿಡಲಿಲ್ಲ. ಯಜಮಾನರು ಹಾರೆ ಕೆಳಗಿಟ್ಟು ಅವರ ಪಕ್ಕದಲ್ಲಿ ಕುಳಿತರು.

ದರ್ಬೆಯ ಕೋಣೆಯಲ್ಲಿ ನಲ್ಲಿಯ ನೀರು ನಿಂತರೆ ನನ್ನ ಎದೆ ಹೊಡೆದುಕೊಳ್ಳುವುದು ಅನೇಕ ವಾರ ಮುಂದುವರಿಯಿತು. ಇನ್ನೊಬ್ಬರ ಹೆದರಿಕೆ ಕೇಳುವುದೇ ಬೇರೆ, ಅದರೊಳಗೆ ನಿಲ್ಲುವುದೇ ಬೇರೆ.

ಮುಂದಿನ ಸಲ ಹೋದಾಗ ಆಕೆ ಸುರಂಗದ ಬಾಯಲ್ಲಿ ಮಣೆ ಹಾಕಿ ಕುಳಿತಿದ್ದರು. ಕೈಯಲ್ಲಿ ಹಗ್ಗ, ಅದರ ಇನ್ನೊಂದು ತುದಿ ಒಳಗಿದ್ದ ಗಂಡನ ಸೊಂಟಕ್ಕೆ. ಇವರು ಎಳೆದರೆ ಅವರು ತಿರುಗಿ ಎಳೆಯಬೇಕು. ಅದು ಗಂಡ ಹೆಂಡಿರೇ ಮಾಡಿಕೊಂಡ ಏರ್ಪಾಡು.

"ಹೆದರಿಕೆ ಹೋಯಿತಾ ಅಕ್ಕ?" ಎಂದೆ.

"ಎಲ್ಲಿ ಹೋಗುದು? ಉಂಟು," ಎಂದು ಹಗ್ಗ ಎಳೆದರು. ಒಳಗಿನಿಂದ ಎಳೆತ ಬಂತು. "ನೀವು ಹೊರಡಿ ಟೀಚರೇ. ಈ ಬಸ್ಸು ತಪ್ಪಿದ್ರೆ ಮತ್ತೆ ಸಂಜೆಗೇ ಇರುದು."