ಖಾರಾ ಎಂದರೆ

ಜನಕಪುರಿಯ ನಮ್ಮ ಮನೆಯಲ್ಲಿ ಹೆಂಡತಿ ಹಾಕುತ್ತಿದ್ದ ನಿಂಬೆ ಉಪ್ಪಿನಕಾಯಿಯನ್ನು ಇಂಟರ್ನೆಟ್ಟಿನಲ್ಲಿ ಮಾರಲು ಶುರುಮಾಡಿದವಳು ಮಗಳು. ನೋಯ್ಡಾ, ಗುರ್ಗಾಂವ್ ಕಡೆಯಿಂದ ನಾವು ಮುಖ ನೋಡದ ಜನ ಬಾಟಲಿ ಕೇಳತೊಡಗಿದರು. "ಗುರುತಿಲ್ಲದವರ ಮನೆಯಲ್ಲೂ ನನ್ನ ಕೈರುಚಿ ಉಣ್ತಾರಲ್ರೀ!" ಎಂದು ಹೆಂಡತಿ ಹಿಗ್ಗಿದಳು. ಅಷ್ಟು ಖುಷಿಯಾಗಿ ಅವಳನ್ನು ನಾನು ದೆಹಲಿಯಲ್ಲಿ ಕಂಡಿರಲೇ ಇಲ್ಲ.

ಮಗಳು ಹಗಲೆಲ್ಲ ಆಫೀಸಿನಲ್ಲಿರುತ್ತಿದ್ದರಿಂದ ವೆಬ್‌ಸೈಟಿಗೆ ಕೊಟ್ಟದ್ದು ನನ್ನ ನಂಬರು. ಹೆಂಡತಿ ಹಿಂದಿ ಕಲಿತದ್ದು ತರಕಾರಿ ಭಯ್ಯಾಗಳಿಂದ. ನನ್ನದು ಸರ್ಕಾರಿ ಕಚೇರಿಯ ಹಿಂದಿ. ಅವಳು ಮಾತಾಡಿದರೆ ಮರ್ಯಾದೆ ಹೋದೀತೆಂದು ನನಗೆ ನಾಚಿಕೆ. "ಏನಂತಾರೆ? ಕೊಡಿ ಇಲ್ಲಿ" ಎಂದು ಕೈ ಚಾಚಿದರೆ, ಫೋನು ಹಿಡಿದು ಗೋಡೆಯ ಕಡೆ ತಿರುಗುತ್ತಿದ್ದೆ.

ಒಂದು ದಿನ ಒಬ್ಬಾಕೆ, "ಅಂಕಲ್‌ಜಿ, ಅಚಾರ್ ಬಹುತ್ ಖಾರಾ ಹೈ" ಎಂದಳು. ನಾನು ಅಡುಗೆಮನೆಗೆ ಹೋಗಿ, "ಖಾರ ಜಾಸ್ತಿಯಂತೆ, ಮೆಣಸಿನಪುಡಿ ಕಡಿಮೆ ಮಾಡು" ಎಂದೆ. ಅವಳು ಕಡಿಮೆ ಮಾಡಿದಳು. ಬೂಸಲು ಹಿಡಿದೀತೆಂಬ ಭಯಕ್ಕೆ ಉಪ್ಪು ಇನ್ನಷ್ಟು ಸೇರಿಸಿದಳು. ದೂರುಗಳು ಹೆಚ್ಚಾದವು, ಎಲ್ಲರದೂ ಅದೇ ಮಾತು. ಇನ್ನೂ ಕಡಿಮೆ ಮಾಡು ಎಂದೆ; ಅವಳು ಮಾಡಿದಳು. ಕೊನೆಗೆ ಮಗಳೆದುರಿಗೇ, "ನಿನ್ನ ನಾಲಿಗೆ ಸತ್ತಿದೆ. ಮುಚ್ಚು ಈ ಅಂಗಡಿ" ಎಂದು ಕೂಗಾಡಿದೆ. ವೆಬ್‌ಸೈಟು ಹೋಯಿತು.

ಆ ಚಳಿಗಾಲದ ಒಂದು ಭಾನುವಾರ ಮಗಳು ನಮ್ಮನ್ನು ಕಾರಿನಲ್ಲಿ ಮಾನೇಸರ್ ದಾಟಿ ಒಂದು ಢಾಬಾಕ್ಕೆ ಕರೆದೊಯ್ದಳು. ಮೂಲಂಗಿ ಪರಾಠದ ಮೇಲೆ ಬೆಣ್ಣೆ ಕರಗುತ್ತಿತ್ತು. ನಾನು ಕೈಪಂಪಿನ ನೀರು ಹಿಡಿಯಲು ಹೋದೆ. ಕುಡಿಯಬೇಡಿ ಎಂದು ಢಾಬಾದವನು ಕೂಗಿದ: "ಬಾಬೂಜಿ, ವೋ ಮತ್ ಪೀನಾ, ಖಾರಾ ಹೈ!"

ನಗುತ್ತಾ ಬಂದು, "ಇಲ್ಲಿ ನೀರೂ ಖಾರವಂತೆ ಕಣೇ" ಎಂದೆ.

"ಅಯ್ಯೋ, ಖಾರಾ ಅಂದ್ರೆ ಉಪ್ಪುಪ್ಪು ಅಂತ. ನಮ್ಮ ಖಾರಕ್ಕೆ ಇವರು ತೀಖಾ ಅಂತಾರೆ. ಇಷ್ಟು ವರ್ಷ ಆಫೀಸಿನಲ್ಲಿ ಏನು ಕಲಿತಿರೋ!" ಎಂದು ಹೆಂಡತಿ ನಕ್ಕಳು.

ಮಗಳು ಬಿದ್ದು ಬಿದ್ದು ನಕ್ಕಳು. "ಪಪ್ಪಾ, ಯೂ ಆರ್ ಟೂ ಮಚ್!"

ಫೋನಿನಲ್ಲಿ ಕೇಳಿದ ಒಂದೊಂದು ದನಿಯೂ ಕಿವಿಯಲ್ಲಿ ಎದ್ದಿತು. ಹೆಂಡತಿ ನನ್ನ ಮುಖ ನೋಡಿದಳು. ಅವಳ ನಗು ಅಲ್ಲೇ ನಿಂತಿತು.

"ಉಪ್ಪಿನಕಾಯಿಗೆ ಅವರು ಏನಂದಿದ್ದರು? ಅವರ ಮಾತಲ್ಲೇ ಹೇಳಿ."

ನಾನು ರಸ್ತೆಯ ಕಡೆ ತಿರುಗಿದೆ. ಅಷ್ಟರಲ್ಲೇ ಅವಳಿಗೆ ತಿಳಿದುಹೋಯಿತು.

"ಒಂದೇ ಒಂದು ಸಲ ಫೋನು ನನಗೆ ಕೊಟ್ಟಿದ್ದರೆ..." ಎಂದು ಅವಳು ಅಷ್ಟಕ್ಕೇ ನಿಲ್ಲಿಸಿದಳು.

ತಪ್ಪಾಯ್ತು ಎನ್ನಬೇಕಿತ್ತು. ಮತ್ತೆ ಶುರುಮಾಡು, ಈ ಸಲ ನೀನೇ ಮಾತಾಡು ಎನ್ನಬೇಕಿತ್ತು. ನನ್ನ ಬಾಯಿಂದ ಬಂದದ್ದು, "ಪರಾಠ ಆರುತ್ತೆ, ತಿನ್ನು." ಅವಳು ತಟ್ಟೆಯನ್ನು ಮಗಳ ಕಡೆ ಸರಿಸಿ, ಎದ್ದು ಕಾರಿನಲ್ಲಿ ಹೋಗಿ ಕೂತಳು.